1875ರ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ರಕ್ತಭೇದಿಯ ರೋಗಿಯನ್ನು ಹೇಗೆ ನೋಡಿಕೊಳ್ಳುತ್ತಿದ್ದರು?

ನಿಮ್ಮ ಕಾದಂಬರಿಯ ಖಲಾಸಿ ಕುಮಟೆಯಿಂದ ಹತ್ತಿ ಹೇರಿಕೊಂಡು ಪತ್ತೆಮಾರಿ ಎಂಬ ಹಾಯಿ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಾನೆ, ಬಂದರಿನಲ್ಲಿ ರಕ್ತಭೇದಿ ಹಿಡಿದು ಧರ್ಮಾಸ್ಪತ್ರೆ ಸೇರುತ್ತಾನೆ, ಅಲ್ಲಿ ಬಿಳಿ ಟೋಪಿಯ ನರ್ಸ್ ಮಾತ್ರೆ ಕೊಡುತ್ತಾಳೆ, ಇದು ಸರಿಯೇ ಎಂದು ಕೇಳಿದ್ದೀರಿ. ಖಲಾಸಿ, ಹತ್ತಿ, ಪತ್ತೆಮಾರಿ ಮೂರೂ ಸರಿ. ನರ್ಸನ್ನೂ ಮಾತ್ರೆಯನ್ನೂ ತೆಗೆದುಬಿಡಿ. ಬದಲಿಗೆ ಅಡುಗೆಯವನನ್ನು, ನೀರು ಹೊರುವವನನ್ನು, ಮಲದ ಪಾತ್ರೆ ಎತ್ತುವವನನ್ನು ತನ್ನಿ. ಆ ಕಾಲದ ಆಸ್ಪತ್ರೆಯಲ್ಲಿ ರೋಗಿ ಬದುಕುವುದು ವೈದ್ಯರಿಗಿಂತ ಹೆಚ್ಚಾಗಿ ಈ ಮೂವರ ಕೈಯಲ್ಲಿತ್ತು ಎಂದೇ ನನ್ನ ಅಭಿಪ್ರಾಯ.

ಮೊದಲು ಸ್ಥಳ. ಬೈಕಲಾದ ಜೆ.ಜೆ. ಆಸ್ಪತ್ರೆಗೆ ಚೀನಾ ವ್ಯಾಪಾರದಲ್ಲಿ ಹಣ ಮಾಡಿದ್ದ ಜಮ್‌ಶೇಟ್‌ಜಿ ಜೀಜೀಭಾಯ್ 1 ಲಕ್ಷ ರೂಪಾಯಿ ಕೊಟ್ಟರು, ಕಂಪನಿ ಸರ್ಕಾರ ತನ್ನ ಪಾಲು ಸೇರಿಸಿತು. 1843ರ ಜನವರಿಯಲ್ಲಿ ಅಡಿಗಲ್ಲು ಬಿತ್ತು, 1845ರಲ್ಲಿ ಬಾಗಿಲು ತೆರೆಯಿತು. ಅದೇ ವರ್ಷ ಪಕ್ಕದಲ್ಲೇ ಗ್ರ್ಯಾಂಟ್ ಮೆಡಿಕಲ್ ಕಾಲೇಜು ಶುರುವಾಯಿತು. ಬಿಳಿಯ ನಾವಿಕರಿಗೆ ಯುರೋಪಿಯನ್ ಜನರಲ್ ಆಸ್ಪತ್ರೆ ಬೇರೆಯೇ ಇತ್ತು. ನಿಮ್ಮ ಖಲಾಸಿಯನ್ನು ಅಲ್ಲಿಗೆ ಕಳಿಸಬೇಡಿ. ಮುಂಬಯಿಯ ಹೆಸರಾಂತ ವೈದ್ಯ ಭಾವು ದಾಜಿಯವರನ್ನೂ ವಾರ್ಡಿಗೆ ಕರೆತರಬೇಡಿ. ಆ ಕಾಲೇಜಿನ ಮೊದಲ ತಂಡದಲ್ಲಿ ಪಾಸಾದವರು ನಿಜ, ಆದರೆ 1874ರಲ್ಲೇ ತೀರಿಹೋಗಿದ್ದರು.

ಈಗ ಚಿಕಿತ್ಸೆ. ರಕ್ತಭೇದಿಗೆ ಆಗಿನ ದೊಡ್ಡ ಮದ್ದು ಬ್ರೆಜಿಲ್‌ನಿಂದ ಬರುತ್ತಿದ್ದ ಇಪಿಕಾಕುವಾನಾ ಬೇರಿನ ಪುಡಿ. ಅದು ವಾಂತಿ ಬರಿಸುವ ಪುಡಿ, ಹಾಗಾಗಿ ಕೊಡುವ ಕ್ರಮದಲ್ಲೇ ಇದರ ಗುಟ್ಟಿತ್ತು. ರೋಗಿ ಮೂರು ಗಂಟೆಯಾದರೂ ಏನೂ ತಿಂದಿರಬಾರದು. ಮೊದಲು 20–30 ಹನಿ ಅಫೀಮಿನ ಟಿಂಕ್ಚರ್ ಕುಡಿಸಿ, ಹೊಟ್ಟೆಯ ಮೇಲೆ ಸಾಸಿವೆ ಪಟ್ಟು ಹಾಕುತ್ತಾರೆ. ಅರ್ಧ ಗಂಟೆ ಬಿಟ್ಟು 25–30 ಗ್ರೇನ್ ಪುಡಿಯನ್ನು, ಅಂದರೆ ಹತ್ತಿರ ಹತ್ತಿರ 2 ಗ್ರಾಂ, ಎಷ್ಟು ಕಡಿಮೆ ನೀರಾದೀತೋ ಅಷ್ಟರಲ್ಲಿ ಕಲಸಿ ನುಂಗಿಸುತ್ತಾರೆ. ಆಮೇಲೆ ದಿಂಬಿಲ್ಲದೆ ಅಂಗಾತ ಮಲಗಿರಬೇಕು. ಎರಡು ಮೂರು ಗಂಟೆ ಹನಿ ನೀರೂ ಇಲ್ಲ. ಎಂಟು ಹತ್ತು ಗಂಟೆ ಕಳೆದ ಮೇಲೆ ಮತ್ತೊಂದು ಸುತ್ತು.

ಕೆಡುವುದು ಆ ನೀರಿನ ಹಂತದಲ್ಲೇ. ಭೇದಿಯಾದವನಿಗೆ ನಾಲಿಗೆ ಅಂಟುವಷ್ಟು ದಾಹ. ಪಕ್ಕದ ಮಂಚದವನೋ ನೋಡಲು ಬಂದ ಜೊತೆಗಾರನೋ ಕನಿಕರದಿಂದ ಅರ್ಧ ಲೋಟ ನೀರು ಕೊಟ್ಟರೆ ಮುಗಿಯಿತು, ಪುಡಿಯೆಲ್ಲ ವಾಂತಿಯಾಗಿ ಹೊರಗೆ. ಹಾಗಾಗಿ ಆ ಮೂರು ಗಂಟೆ ಮಂಚದ ಬಳಿ ಯಾರಾದರೂ ಕಾಯಲೇಬೇಕು. ಅಂಥವನು ಇದ್ದನೇ ಇಲ್ಲವೇ ಎಂಬುದರ ಮೇಲೆ ನಿಮ್ಮ ದೃಶ್ಯವನ್ನೇ ಕಟ್ಟಬಹುದು.

ಇಷ್ಟು ಮಾಡಿದರೂ ಒಬ್ಬ ಮೂರು ದಿನದಲ್ಲಿ ಎದ್ದು ಕೂರುತ್ತಿದ್ದ, ಇನ್ನೊಬ್ಬ ಸಾಯುತ್ತಿದ್ದ. ಕಾರಣ ನಮಗೆ ಗೊತ್ತು, ಅವರಿಗೆ ಗೊತ್ತಿರಲಿಲ್ಲ. ಆ ಬೇರಿನಲ್ಲಿರುವ ಎಮಿಟಿನ್ ಎಂಬ ಸತ್ವ ಅಮೀಬಾದಿಂದಾದ ಭೇದಿಗೆ ನಾಟುತ್ತದೆ, ಬ್ಯಾಕ್ಟೀರಿಯಾದಿಂದಾದ ಭೇದಿಗೆ ನಾಟುವುದಿಲ್ಲ. ರೋಗಿಯ ಮಲದಲ್ಲಿ ಅಮೀಬಾ ಇರುವುದನ್ನು ರಷ್ಯಾದಲ್ಲಿ ಲೋಶ್ ಎಂಬ ವೈದ್ಯ ವಿವರಿಸಿದ್ದು ನಿಮ್ಮ ಕತೆಯ 1875ರಲ್ಲೇ. ಇನ್ನೊಂದರ ರೋಗಾಣುವನ್ನು ಜಪಾನಿನ ಶಿಗಾ ಕಂಡುಕೊಳ್ಳುವಷ್ಟರಲ್ಲಿ 1897 ಬಂದಿತ್ತು. ವಾರ್ಡಿನಲ್ಲಿ ಎರಡಕ್ಕೂ ಹೆಸರು ಒಂದೇ, ಮದ್ದೂ ಒಂದೇ.

ಬೆಳಗಿನ ರೌಂಡ್ಸಿನಲ್ಲಿ ವೈದ್ಯರು ಮಲ ನೋಡಿಯೇ ಮುಂದಿನ ಡೋಸ್ ನಿರ್ಧರಿಸಬೇಕಿತ್ತು. ಆದ್ದರಿಂದ ಪಾತ್ರೆಯನ್ನು ಮುಚ್ಚಿ ಅವರು ಬರುವವರೆಗೂ ಇಡಬೇಕು. ನೊಣಗಳಿಗೆ ಅಷ್ಟು ಸಮಯ ಧಾರಾಳವಾಯಿತು. ಆಮೇಲೆ ಹಲಾಲ್‌ಖೋರರು ಎಂದು ಕರೆಯುತ್ತಿದ್ದ ಜಾಡಮಾಲಿಗಳು ಅದನ್ನು ಬುಟ್ಟಿಯಲ್ಲಿ ಹೊತ್ತು ಗಾಡಿಗೆ ಸುರಿಯಬೇಕು. ಒಂದು ದಿನ ಅವರು ಬರದಿದ್ದರೆ ಇಡೀ ವಾರ್ಡು ನಾರುತ್ತದೆ. ಪಾತ್ರೆ ಎತ್ತಿದ ವಾರ್ಡ್‌ಬಾಯ್ ಅದೇ ಕೈಯಲ್ಲಿ ಗಂಜಿ ಬಟ್ಟಲು ಹಿಡಿದರೆ, ಜ್ವರಕ್ಕೆಂದು ಸೇರಿದವನಿಗೂ ಭೇದಿ ಅಂಟುತ್ತದೆ. ಕೈ ತೊಳೆಯಬೇಕೆಂದು ಹೇಳುವ ಶಾಸ್ತ್ರ ಇನ್ನೂ ಆ ವಾರ್ಡಿಗೆ ಬಂದಿರಲಿಲ್ಲ. ಶಸ್ತ್ರಕ್ರಿಯೆಯ ವಾರ್ಡಿನ ಕತೆಯೂ ಇದೇ. ಪ್ರಜ್ಞೆ ತಪ್ಪಿಸಲು ಕ್ಲೋರೋಫಾರ್ಮ್ ಇತ್ತು, ಕಾರ್ಬಾಲಿಕ್ ಆಮ್ಲದಿಂದ ಗಾಯ ಕೊಳೆಯದಂತೆ ತಡೆಯುವ ಲಿಸ್ಟರ್ ಎಂಬ ಶಸ್ತ್ರವೈದ್ಯರ ಕ್ರಮದ ಸುದ್ದಿ 1867ರಿಂದ ಹರಡುತ್ತಿತ್ತು. ಆದರೆ ಒಂದೇ ಸ್ಪಂಜು, ಒಂದೇ ಬೋಗುಣಿ ಸಾಲಿನ ಉದ್ದಕ್ಕೂ ಗಾಯ ತೊಳೆಯುತ್ತ ಹೋದರೆ ಒಬ್ಬನ ಕೀವು ಹತ್ತು ಜನಕ್ಕೆ.

ಅಡುಗೆಮನೆಗೆ ಬರೋಣ. ವೈದ್ಯರು ಊಟದ ಚೀಟಿ ಬರೆಯುತ್ತಾರೆ: ಪೂರ್ತಿ ಊಟ, ಅರ್ಧ ಊಟ, ಇಲ್ಲವೇ ಹಾಲು-ಗಂಜಿ. ಭೇದಿಯವನಿಗೆ ಮೊದಮೊದಲು ಸಬ್ಬಕ್ಕಿ ಅಥವಾ ಆರಾರೂಟ್ ಗಂಜಿ, ಹಾಲು. ಆಸ್ಪತ್ರೆಯ ಕಾರಕೂನ ಚೀಟಿಗಳನ್ನು ಕೂಡಿಸಿ ಗುತ್ತಿಗೆದಾರನಿಗೆ ಲೆಕ್ಕ ಕಳಿಸುತ್ತಾನೆ. ಹಾಲಿಗೆ ನೀರು ಬೆರೆಯುವುದು, ಬಿಟ್ಟುಹೋದವನ ಹೆಸರಿನಲ್ಲಿ ಅಕ್ಕಿ ಎತ್ತುವುದು, ಈ ಎರಡು ಮೋಸಗಳ ಮೇಲೆ ಸದಾ ಕಣ್ಣಿಡಬೇಕು. ಅದಕ್ಕಿಂತ ಕಷ್ಟದ್ದು ಜಾತಿ. ಬೇರೆಯವರು ಬೇಯಿಸಿದ್ದನ್ನು ರೋಗಿ ಮುಟ್ಟುವುದಿಲ್ಲ, ನೀರು ಹೊರುವ ಭಿಸ್ತಿಯ ಚರ್ಮದ ಚೀಲದ ನೀರು ಕುಡಿಯುವುದಿಲ್ಲ. ಹಿಂದೂ ಅಡುಗೆಯವನು, ಮುಸಲ್ಮಾನ ಅಡುಗೆಯವನು, ಹಿತ್ತಾಳೆ ಕೊಡದಲ್ಲಿ ನೀರು ತರುವ ಬ್ರಾಹ್ಮಣ, ಇಷ್ಟು ಜನ ಇಲ್ಲದಿದ್ದರೆ ಎಂಥ ಒಳ್ಳೆಯ ಡಾಕ್ಟರಿದ್ದರೂ ಹಾಸಿಗೆಗಳು ಖಾಲಿ. ಇದನ್ನು ಬರೀ ಮೌಢ್ಯ ಎಂದು ಬರೆಯಬೇಡಿ. ಊರಿಗೆ ಮರಳಿದ ಮೇಲೆ ಪಂಕ್ತಿಯಲ್ಲಿ ಎಲೆ ಸಿಗದೆ ಹೋದರೆ ಎಂಬ ಭಯ ರೋಗಕ್ಕಿಂತ ಸಣ್ಣದಲ್ಲ. ನೀರು ಮಾತ್ರ ಮೊದಲಿಗಿಂತ ಸುಧಾರಿಸಿತ್ತು. ವಿಹಾರ್ ಕೆರೆಯ ಕೊಳವೆ ನೀರು 1860ರಲ್ಲಿ ನಗರಕ್ಕೆ ಬಂದಿತ್ತು, ಅಲ್ಲಿಯವರೆಗೆ ಬಾವಿ, ಕೆರೆಗಳೇ ಗತಿ.

ಜನ ಆಸ್ಪತ್ರೆಗೆ ಹೆದರಲು ಮತ್ತೊಂದು ಕಾರಣ ಪಕ್ಕದ ಕಾಲೇಜು. ವಾರಸುದಾರರಿಲ್ಲದ ಹೆಣ ವಿದ್ಯಾರ್ಥಿಗಳು ಕೊಯ್ಯುವ ಮೇಜಿಗೆ ಹೋಗುತ್ತಿತ್ತು. ಬಂದರಿನ ಕೂಲಿಗೆ, ಖಲಾಸಿಗೆ ಅಲ್ಲಿ ವಾರಸುದಾರ ಯಾರು? ಜೊತೆಯವರ ಹೆಸರು, ದೋಣಿ ಕಟ್ಟಿದ ಧಕ್ಕೆ, ಎರಡನ್ನೂ ಸೇರಿಸಿಕೊಳ್ಳುವಾಗಲೇ ಹೇಳಿ ಬರೆಸಬೇಕು. ನಿಮ್ಮ ಖಲಾಸಿಗೆ ಕನ್ನಡ, ಕೊಂಕಣಿ ಬರುತ್ತದೆ. ಬರೆದುಕೊಳ್ಳುವವನಿಗೆ ಮರಾಠಿಯೋ ಗುಜರಾತಿಯೋ. ಹೆಸರು ತಪ್ಪಾಗಿ ದಾಖಲಾದರೆ ಹುಡುಕಿಕೊಂಡು ಬಂದವರಿಗೆ ಸಿಗುವುದಿಲ್ಲ.

ಇನ್ನೊಂದು, ತಿಂಗಳು ನೋಡಿಕೊಳ್ಳಿ. ಅವನನ್ನು ಮೇ ಮಧ್ಯದಲ್ಲಿ ಸೇರಿಸಿದ್ದೀರಿ. ಮಳೆಗಾಲಕ್ಕೆ ಮುಂಚೆ ಪತ್ತೆಮಾರಿ ಕುಮಟೆ ಮುಟ್ಟಲೇಬೇಕು, ಅವನಿಗಾಗಿ ಕಾಯುವುದಿಲ್ಲ. ಅವನು ಗುಣವಾಗಿ ಹೊರಗೆ ಬರುವಾಗ ಸಮುದ್ರ ಮುಚ್ಚಿರುತ್ತದೆ. ನೂಲುಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುವವರೆಗೂ ಅವನು ಮುಂಬಯಿಯಲ್ಲೇ ಎಲ್ಲೋ ಹೊಟ್ಟೆ ಹೊರೆಯಬೇಕು.