ನನ್ನ 1992ರ ಮಾಜ್ದಾ ಮಿಯಾಟಾ ಕಾರಿನ ಪವರ್ ಸ್ಟೀರಿಂಗ್ ತುಂಬಾ ಟೈಟ್. ಪಂಪ್ ಬದಲಾಯಿಸಲಾ, ಇಲ್ಲ ಪವರ್ ಸ್ಟೀರಿಂಗನ್ನೇ ತೆಗೆಸಿಬಿಡಲಾ? ತಿರುವು ಮುಗಿದ ಮೇಲೂ ಸ್ಟೀರಿಂಗನ್ನು ಕೈಯಲ್ಲೇ ಎಳೆದು ನೇರ ಮಾಡಬೇಕು.

ಎರಡೂ ಬೇಡ. ಸದ್ಯಕ್ಕಂತೂ ಬೇಡ. ತಿರುವು ಮುಗಿದ ಮೇಲೂ ಸ್ಟೀರಿಂಗನ್ನು ಕೈಯಲ್ಲಿ ಎಳೆದು ನೇರ ಮಾಡಬೇಕಾಗುತ್ತೆ ಅಂತ ಕೊನೆಯಲ್ಲಿ ಬರೆದಿದ್ದೀರಲ್ಲ, ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು. ಅದನ್ನು ಲೆಕ್ಕಕ್ಕೇ ತಗೊಳ್ಳದೆ ನಾನು ಒಂದು ಪಂಪ್, ಒಂದು ರ್‍ಯಾಕ್ (ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ಸರಳು) ಸುಮ್ನೆ ಬದಲಾಯಿಸಿದ್ದೇನೆ.

ನನ್ನದೂ ಮೊದಲ ತಲೆಮಾರಿನ ಮಿಯಾಟಾನೇ, 1.6 ಲೀಟರ್ ಇಂಜಿನ್ನಿನದು. ಮಿಶಿಗನ್‌ಗೆ ಬಂದ ಮೇಲೆ ಆಸೆಪಟ್ಟು ತಗೊಂಡಿದ್ದು. ಹಿಂದಿನವರು ಅದನ್ನು ಚಳಿಗಾಲದಲ್ಲೂ ಓಡಿಸಿದ್ದರು. ಇಲ್ಲಿ ಹಿಮ ಬಿದ್ದರೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಗಾಡಿಯ ಅಡಿಭಾಗವನ್ನೆಲ್ಲ ತಿಂದು ಹಾಕುತ್ತೆ. ಸ್ಟೀರಿಂಗ್ ದಿನದಿಂದ ದಿನಕ್ಕೆ ಬಿಗಿಯಾಗ್ತಾ ಬಂತು. ಪವರ್ ಸ್ಟೀರಿಂಗ್ ಇರುವ ಗಾಡಿ ಟೈಟ್ ಆದರೆ ಪವರ್ ಕೊಡುವ ಪಂಪೇ ಹೋಗಿರಬೇಕು ಅಂತ ನನ್ನ ಲೆಕ್ಕ. ಹೊಸ ಪಂಪ್ ಹಾಕಿಸಿದೆ. ಏನೂ ವ್ಯತ್ಯಾಸ ಇಲ್ಲ. ಗ್ಯಾರೇಜಿನವನು "ಹಾಗಾದ್ರೆ ರ್‍ಯಾಕ್ ಹೋಗಿದೆ" ಅಂದ. ಅದನ್ನೂ ಹಾಕಿಸಿದೆ. ಬಿಲ್ ನೋಡಿ ಮನೆಯಲ್ಲಿ ಎರಡು ದಿನ ಮಾತಿಲ್ಲ. ಸ್ಟೀರಿಂಗ್ ಮಾತ್ರ ಹಾಗೇ ಇತ್ತು.

ನಾನು ಎಡವಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅಲ್ಲೇ ನಿಂತಿದ್ದೀರಿ. "ಟೈಟ್" ಅನ್ನೋದು ಒಂದೇ ಕಾಯಿಲೆ ಅಂದುಕೊಂಡಿದ್ದೆ. ಅದು ಎರಡು. ಒಂದು, ಪಂಪಿನಿಂದ ಬರಬೇಕಾದ ಸಹಾಯ ಬರ್ತಿಲ್ಲ. ಇನ್ನೊಂದು, ಸಹಾಯ ಬರ್ತಿದೆ, ಆದರೆ ಎಲ್ಲೋ ಏನೋ ಹಿಡ್ಕೊಂಡಿದೆ. ಪಂಪ್ ಹೋದರೆ ಪಾರ್ಕಿಂಗ್ ಮಾಡುವಾಗ ತೋಳು ಸೋಲುತ್ತೆ, ಗಾಡಿ ವೇಗ ಹಿಡಿದ ಮೇಲೆ ಹಗುರ ಆಗುತ್ತೆ. ಮುಖ್ಯವಾಗಿ, ತಿರುವು ಮುಗಿದ ಮೇಲೆ ಕೈ ಸಡಿಲ ಬಿಟ್ಟರೆ ಸ್ಟೀರಿಂಗ್ ತಾನಾಗಿ ನಡುವಿಗೆ ಬರುತ್ತೆ. ಹಾಗೆ ವಾಪಸ್ ತರೋದು ಪಂಪ್ ಅಲ್ಲ, ಮುಂದಿನ ಚಕ್ರಗಳನ್ನು ಕೂರಿಸಿರುವ ಕೋನ, ಅದರಲ್ಲೂ ಕ್ಯಾಸ್ಟರ್, ಅಂದರೆ ಚಕ್ರ ಎಡಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೆ ವಾಲಿರೋದು. ಪಂಪ್ ಸತ್ತರೂ ಕ್ಯಾಸ್ಟರ್ ಎಲ್ಲೂ ಹೋಗಲ್ಲ ಅಲ್ವಾ? ಸ್ಟೀರಿಂಗ್ ವಾಪಸ್ ಬರ್ತಿಲ್ಲ, ಹೈವೇಯಲ್ಲೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಮಾಡ್ತಾ ಇರಬೇಕು ಅಂದರೆ ಅದು ಘರ್ಷಣೆ. ನನ್ನ ಗಾಡಿ ಮನೆ ಹತ್ತಿರದ ತಿರುವಿನಲ್ಲಿ ದಿನಾ ಇದನ್ನೇ ಹೇಳ್ತಿತ್ತು. ಹಳೇ ಗಾಡಿ, ಹೀಗೇ ಇರುತ್ತೆ ಅಂತ ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ.

ಕೊನೆಗೆ ಕಂಡುಹಿಡಿದದ್ದು ವೀಲ್ ಅಲೈನ್‌ಮೆಂಟ್ ಮಾಡುವ ಹುಡುಗ. ಮುಂಭಾಗ ಎತ್ತಿ, ರ್‍ಯಾಕನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಕಳಚಿ, ಚಕ್ರವನ್ನು ಕೈಯಲ್ಲೇ ಆ ಕಡೆ ಈ ಕಡೆ ತಿರುಗಿಸಿದ. ಎಡಗಡೆಯದು ಸರಾಗ. ಬಲಗಡೆಯದು ತುಕ್ಕು ಹಿಡಿದ ಗೇಟಿನ ಥರ ಕಿರ್ ಅಂತು. ಕೆಳಗಿನ ಬಾಲ್ ಜಾಯಿಂಟ್‌ನ ರಬ್ಬರ್ ಹೊದಿಕೆ ಹರಿದಿತ್ತು. ಬಾಲ್ ಜಾಯಿಂಟ್ ಅಂದರೆ ಚಕ್ರ ಎಡಬಲಕ್ಕೆ ತಿರುಗಲು ಬಿಡುವ ಗುಂಡಿನ ಕೀಲು. ಒತ್ತಿದರೆ ಗ್ರೀಸ್ ಬರಲಿಲ್ಲ, ಕಾಫಿಪುಡಿ ಬಣ್ಣದ ತುಕ್ಕು ಉದುರಿತು. ಪಂಪಿನ ಮುಂದೆ ಆ ಜಾಯಿಂಟಿನ ಬೆಲೆ ಏನೇನೂ ಅಲ್ಲ. ಈ ಗಾಡಿಯಲ್ಲಿ ಅದು ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್‌ಗೆ ಬೋಲ್ಟ್ ಹಾಕಿರುವ ಬೇರೆ ಭಾಗ, ಆರ್ಮ್ ಪೂರ್ತಿ ಬದಲಾಯಿಸಬೇಕಿಲ್ಲ.

ಈಗ ನಿಮ್ಮ ಗಾಡಿಗೆ ಬನ್ನಿ. ಮೊದಲು ಗಾಳಿ ನೋಡಿ. ಕಂಪನಿಯ ಟೈರ್ ಸೈಜಿಗೆ 26 ಪಿಎಸ್‌ಐ. ಹಿಂದಿನವರು ಅಗಲದ ಟೈರು, ಪುಟ್ಟ ಸ್ಟೀರಿಂಗ್ ಚಕ್ರ ಹಾಕಿಸಿದ್ದರೆ ಸ್ವಲ್ಪ ಭಾರ ಅಲ್ಲಿಂದಲೇ ಬರುತ್ತೆ. ಆಮೇಲೆ ಬೆಲ್ಟ್. ಎಸಿಗೂ ಪಂಪಿಗೂ ಒಂದೇ ಬೆಲ್ಟ್, ಸಡಿಲ ಆದರೆ ಪೂರ್ತಿ ತಿರುಗಿಸಿದಾಗ ಕಿರುಚುತ್ತೆ. ಪವರ್ ಸ್ಟೀರಿಂಗ್ ಎಣ್ಣೆ ಮಟ್ಟ ನೋಡಿ. ಇದಕ್ಕೆ ಹಾಕೋದು ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಣ್ಣೆ. ನೊರೆ ಕಂಡರೆ ಗಾಳಿ ಸೇರಿದೆ ಅಂತ. ಚಕ್ರ ಎತ್ತಿ, ಇಂಜಿನ್ ಆಫ್ ಮಾಡಿ, ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ತಿರುಗಿಸ್ತಾ ಎಣ್ಣೆ ತುಂಬಿಸಿದರೆ ಹೋಗುತ್ತೆ. ಇಷ್ಟೂ ಅರ್ಧ ಗಂಟೆಯ ಕೆಲಸ, ನಿಮ್ಮ ಲಕ್ಷಣಕ್ಕೆ ಇದ್ಯಾವುದೂ ಕಾರಣ ಅಂತ ನನಗನ್ನಿಸಲ್ಲ.

ನಿಜವಾದ ಪರೀಕ್ಷೆ ಇದು. ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಕೀ ಹಾಕಿ ಲಾಕ್ ಬಿಡಿಸಿ, ಇಂಜಿನ್ ಸ್ಟಾರ್ಟ್ ಮಾಡದೆ ಸ್ಟೀರಿಂಗ್ ತಿರುಗಿಸಿ. ಚಕ್ರ ನೆಲಕ್ಕೆ ತಾಗದೇ ಇರುವಾಗ ಪಂಪಿನ ಸಹಾಯ ಇಲ್ಲದೆಯೂ ಇದು ಸಲೀಸಾಗಿ ತಿರುಗಬೇಕು. ಬಿಗಿ ಇದ್ದರೆ ಎರಡೂ ಕಡೆ ಟೈ ರಾಡ್ ತುದಿ ಕಳಚಿ, ಒಂದೊಂದೇ ಚಕ್ರ ಕೈಯಲ್ಲಿ ತಿರುಗಿಸಿ. ಚಕ್ರ ಬಿಗಿ ಇದ್ದರೆ ಬಾಲ್ ಜಾಯಿಂಟ್. ಚಕ್ರ ಹಗುರ, ಸ್ಟೀರಿಂಗ್ ಮಾತ್ರ ಬಿಗಿ ಅಂದರೆ ರ್‍ಯಾಕ್ ಅಥವಾ ಸ್ಟೀರಿಂಗ್ ಕಂಬದ (ಕಾಲಂ) ಕೆಳಗಿನ ಯೂನಿವರ್ಸಲ್ ಜಾಯಿಂಟ್, ಅಂದರೆ ಬಾಗಿದ ಕೋನದಲ್ಲೂ ತಿರುಗುವ ಕೀಲು. ಆ ಜಾಯಿಂಟ್ ಹಿಡ್ಕೊಂಡಿದ್ದರೆ ಒಂದು ಸುತ್ತಿನಲ್ಲಿ ಎರಡು ಸಲ ಗಟ್ಟಿಯಾಗಿ, ಮತ್ತೆ ಸಡಿಲ ಆಗೋದು ಕೈಗೇ ಗೊತ್ತಾಗುತ್ತೆ.

ಇನ್ನು ಪವರ್ ಸ್ಟೀರಿಂಗ್ ತೆಗೆಸುವ ಮಾತು. ಇದೇ ಗಾಡಿಯ ಬೇಸ್ ಮಾಡೆಲ್ ಪವರ್ ಇಲ್ಲದೇ ಮಾರಾಟ ಆಗ್ತಿತ್ತು, ಒಂದು ಟನ್ ಆಸುಪಾಸಿನ ತೂಕಕ್ಕೆ ಅದು ಚೆನ್ನಾಗಿಯೇ ಇರುತ್ತೆ, ಒಪ್ಪಿದೆ. ಆದರೆ ಅದರಲ್ಲಿದ್ದ ರ್‍ಯಾಕೇ ಬೇರೆ, ಹೆಚ್ಚು ಸುತ್ತು ತಿರುಗಿಸಬೇಕು, ಅದಕ್ಕೇ ಹಗುರ. ನಿಮ್ಮ ಪವರ್ ರ್‍ಯಾಕಿನ ಬೆಲ್ಟ್ ಮಾತ್ರ ಕಿತ್ತರೆ ಪ್ರತಿ ತಿರುವಿಗೂ ಒಳಗಿನ ಎಣ್ಣೆಯನ್ನು ನಿಮ್ಮ ತೋಳೇ ತಳ್ಳಬೇಕು. ಅದರ ಮೇಲೆ ಹಿಡಿದುಕೊಂಡ ಜಾಯಿಂಟ್ ಬೇರೆ. ಅದು ಸ್ಪೋರ್ಟಿ ಅಲ್ಲ, ಶಿಕ್ಷೆ.

ಪರೀಕ್ಷೆ ಮಾಡುವವರೆಗೆ ಗಾಡಿ ತೆಗೀಬೇಡಿ. ಒಣಗಿದ ಬಾಲ್ ಜಾಯಿಂಟ್ ಕಳಚಿಕೊಂಡರೆ ಚಕ್ರ ಮಡಚಿಕೊಳ್ಳುತ್ತೆ, ಅದು ಪಾರ್ಕಿಂಗ್ ಜಾಗವೋ ಹೈವೇಯೋ ಅಂತ ನೋಡಲ್ಲ. ಬದಲಾಯಿಸುವಾಗ ಎರಡೂ ಕಡೆಯದ್ದು ಬದಲಾಯಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ನನ್ನ ಗಾಡಿಯಿಂದ ತೆಗೆಸಿದ ಹಳೇ ಪಂಪ್ ಗ್ಯಾರೇಜಿನಲ್ಲಿ ಗಟ್ಟಿಮುಟ್ಟಾಗಿಯೇ ಇದೆ. ಪರೀಕ್ಷೆ ಆದಮೇಲೂ ಪಂಪೇ ಬೇಕು ಅನ್ನಿಸಿದರೆ ಕಾಸಿಲ್ಲದೆ ಕಳಿಸ್ತೀನಿ.