ಫಾಗ್ ಮ್ಯಾಪಿನಲ್ಲಿ ಮೀಡಿಯಮ್ ಟ್ಯಾಂಕಿಗಾಗಿ ಹಣ ಕೂಡಿಡುವವರಿಗೆ

ಯಾದಗಿರಿಯ ಗೆಳೆಯರು ನಿನ್ನೆ ಹಾಕಿದ ಪೋಸ್ಟನ್ನೂ ಅದರ ಕೆಳಗಿನ ಉತ್ತರಗಳನ್ನೂ ಪೂರ್ತಿ ಓದಿದೆ. ಸರದಿಯ ಮೇಲೆ ಆಡುವ ಯುದ್ಧದ ವಿಡಿಯೊ ಗೇಮ್ ಅಡ್ವಾನ್ಸ್ ವಾರ್ಸ್ 2ರ ಫಾಗ್ ಮ್ಯಾಪಿನಲ್ಲಿ (ಮಂಜು ಕವಿದು, ನಮ್ಮ ಪಡೆಗೆ ಕಂಡಷ್ಟೇ ಕಾಣುವ ನಕ್ಷೆ) ಮ್ಯಾಕ್ಸ್ ಎಂಬ ಸೇನಾನಾಯಕನನ್ನು ಆರಿಸಿಕೊಂಡು, ದಿನ ಬಿಟ್ಟು ದಿನ ಹಣ ಕೂಡಿಸಿ ಮೂರು ಮೀಡಿಯಮ್ ಟ್ಯಾಂಕ್ ಇಳಿಸಿದರೂ ಅವು ಕಾಡಿನ ಅಂಚಿನಲ್ಲೇ ನಾಶವಾದವು, ಕೊನೆಗೆ ಸೈನಿಕರನ್ನು ಹೊತ್ತು ತರುವ ಹೆಲಿಕಾಪ್ಟರ್ ಟಿ-ಕಾಪ್ಟರಿನಿಂದ ಇಳಿದ ಎದುರಾಳಿಯ ಒಂದೇ ಒಂದು ಇನ್‌ಫೆಂಟ್ರಿ (ಕಾಲಾಳು) ಎಚ್‌ಕ್ಯೂ, ಅಂದರೆ ಕೈತಪ್ಪಿದರೆ ಆಟವೇ ಸೋಲುವ ಮುಖ್ಯ ಠಾಣೆ, ಹಿಡಿಯಿತು, ಹಾಗಾಗಿ ಮುಂದಿನ ಸಲ ನಿಯೋಟ್ಯಾಂಕಿಗೇ ಹಣ ಕೂಡಿಡುತ್ತೇನೆ ಎಂದು ಅವರು ಬರೆದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಲಬುರಗಿಯಲ್ಲಿ ಒಂದೇ ಗೇಮ್ ಬಾಯ್ ಅಡ್ವಾನ್ಸನ್ನು ಕೈಯಿಂದ ಕೈಗೆ ದಾಟಿಸುತ್ತ ಆಡಿದ ನಮ್ಮ ಗುಂಪಿನಲ್ಲಿ, ನನ್ನನ್ನೂ ಸೇರಿಸಿ, ಎಲ್ಲರೂ ಈ ದಾರಿಯಲ್ಲಿ ಹೋಗಿ ಪೆಟ್ಟು ತಿಂದವರೇ. 16000ದ ಮೀಡಿಯಮ್ ಟ್ಯಾಂಕನ್ನು ಕುರುಡಾಗಿ ಓಡಿಸಿದವರು 22000ದ ನಿಯೋಟ್ಯಾಂಕನ್ನೂ ಹಾಗೆಯೇ ಓಡಿಸುತ್ತಾರೆ.

ಕುರುಡು ಎಂಬ ಮಾತನ್ನು ಅಂದಾಜಿನ ಮೇಲೆ ಹೇಳುತ್ತಿಲ್ಲ. ಫಾಗಿನಲ್ಲಿ ಮೀಡಿಯಮ್ ಟ್ಯಾಂಕಿನ ದೃಷ್ಟಿ ಕೇವಲ 1 ಚೌಕ, ನಿಯೋಟ್ಯಾಂಕಿನದ್ದೂ ಅಷ್ಟೇ. ಸಾಮಾನ್ಯ ಟ್ಯಾಂಕಿಗೆ 3, ಬೇಹಿನ ಗಾಡಿಯಾದ ರೀಕಾನಿಗೆ 5. ಇನ್‌ಫೆಂಟ್ರಿಯ ದೃಷ್ಟಿ 2 ಆದರೂ ಬೆಟ್ಟ ಹತ್ತಿದರೆ ಅದು 5 ಆಗುತ್ತದೆ, ಅಂದರೆ 1000ದ ಒಬ್ಬ ಕಾಲಾಳು ಬೆಟ್ಟದ ಮೇಲೆ ನಿಂತರೆ 4000ದ ರೀಕಾನಿನಷ್ಟೇ ದೂರ ನೋಡುತ್ತಾನೆ. ಕಾಡಿನಲ್ಲಿ ಅಡಗಿದ ಶತ್ರು ಪಕ್ಕದ ಚೌಕಕ್ಕೆ ಹೋಗುವವರೆಗೆ ಯಾರಿಗೂ ಕಾಣುವುದಿಲ್ಲ. ನೀವು ಹಾಕಿದ ದಾರಿಯ ನಡುವೆ ಅಂಥ ಶತ್ರು ಇದ್ದರೆ ನಿಮ್ಮ ಗಾಡಿ ಅಲ್ಲೇ ನಿಲ್ಲುತ್ತದೆ, ಆ ದಿನ ಗುಂಡು ಹಾರಿಸುವ ಅವಕಾಶವನ್ನೂ ಕಳೆದುಕೊಳ್ಳುತ್ತದೆ, ಮತ್ತು ಎದುರಾಳಿಯ ಸರದಿ ಬಂದಾಗ ಅವನ ಆರ್ಟಿಲರಿಗಳ (ದೂರದಿಂದ ಹೊಡೆಯುವ ತೋಪುಗಳ) ಮುಂದೆ ಬಯಲಿನಲ್ಲಿ ನಿಂತಿರುತ್ತದೆ. ನಿಮ್ಮ ಸ್ಕ್ರೀನ್‌ಶಾಟಿನಲ್ಲಿ ಕಾಣುವುದು ಇದೇ. ನೀವು ಯೂನಿಟ್‌ಗಳು ತಯಾರಾಗುವ ಬೇಸ್‌ನಿಂದ ಮೊದಲು ಟ್ಯಾಂಕ್ ನಡೆಸಿ ನಂತರ ಇನ್‌ಫೆಂಟ್ರಿಗಳನ್ನು ಹಿಂದಿನಿಂದ ಕಳಿಸಿದ್ದೀರಿ. ಈ ಕ್ರಮ ತಿರುವುಮುರುವಾಗಬೇಕು.

ಈಗ ಲೆಕ್ಕಕ್ಕೆ ಬನ್ನಿ. ಒಂದು ಮೀಡಿಯಮ್ ಟ್ಯಾಂಕಿನ ಬೆಲೆಗೆ ಎರಡು ಆರ್ಟಿಲರಿ ಮತ್ತು ನಾಲ್ಕು ಇನ್‌ಫೆಂಟ್ರಿ ಬರುತ್ತವೆ. ಆರ್ಟಿಲರಿಯ ಒಂದು ಹೊಡೆತ ಮೀಡಿಯಮ್ ಟ್ಯಾಂಕಿಗೆ ಮೂಲದಲ್ಲಿ (ನೆಲದ ರಕ್ಷಣೆ, ಅದೃಷ್ಟ ಸೇರುವ ಮೊದಲು) 45 ಶೇಕಡಾ, ಸಾಮಾನ್ಯ ಟ್ಯಾಂಕಿಗೆ 70 ಶೇಕಡಾ ನಷ್ಟ ಮಾಡುತ್ತದೆ, ಮತ್ತು ಇಂಡೈರೆಕ್ಟ್, ಅಂದರೆ ದೂರದಿಂದ ಹೊಡೆಯುವ ಯೂನಿಟ್ ಆದ ಕಾರಣ ಮರುಹೊಡೆತ ಬೀಳುವುದಿಲ್ಲ. ಎರಡು ಆರ್ಟಿಲರಿಗಳು ಒಂದೇ ಸರದಿಯಲ್ಲಿ ಹೊಡೆದರೆ ರಸ್ತೆಯ ಮೇಲಿನ ಮೀಡಿಯಮ್ ಟ್ಯಾಂಕಿನಲ್ಲಿ ಹತ್ತು ಎಚ್‌ಪಿಯಲ್ಲಿ (ಜೀವದ ಅಂಕ) ಹೆಚ್ಚೆಂದರೆ ಒಂದು ಉಳಿಯುತ್ತದೆ, ಅದನ್ನು ಹತ್ತಿರದ ಮೆಕ್ (ಬಜೂಕಾ ಹಿಡಿದ ಕಾಲಾಳು) ಅಥವಾ ಟ್ಯಾಂಕ್ ಮುಗಿಸುತ್ತದೆ. ನಿಮಗೆ ಒಂದು ರೂಪಾಯಿಯ ನಷ್ಟವಿಲ್ಲದೆ ಎದುರಾಳಿಯ 16000 ಹೋಗುತ್ತದೆ. ನಾಲ್ಕು ಇನ್‌ಫೆಂಟ್ರಿಗಳು ಸುಮ್ಮನೆ ಕೂರುವುದಿಲ್ಲ. ಪೂರ್ಣ ಎಚ್‌ಪಿಯ ಇನ್‌ಫೆಂಟ್ರಿ ಒಂದು ಊರನ್ನು ಎರಡು ದಿನದಲ್ಲಿ ಹಿಡಿಯುತ್ತದೆ, ಆ ಊರು ಪ್ರತಿದಿನ 1000 ತರುತ್ತದೆ, ಅಂದರೆ ಹಿಡಿದ ಮರುದಿನವೇ ಅದರ ಬೆಲೆ ಮರಳಿ ಬಂದಿರುತ್ತದೆ. ನೀವು ಹಣ ಕೂಡಿಡುತ್ತ ಬೇಸ್ ಖಾಲಿ ಬಿಟ್ಟ ಒಂದೊಂದು ದಿನವೂ ಎದುರಾಳಿ ಒಂದೊಂದು ಇನ್‌ಫೆಂಟ್ರಿ ತಯಾರಿಸುತ್ತಿದ್ದ. ಆರಂಭದ ದಿನಗಳಲ್ಲಿ ಖಾಲಿ ಬೇಸ್ ಬಿಟ್ಟರೆ ಆಟದ ಮಧ್ಯದಲ್ಲಿ ಅದನ್ನು ತುಂಬಿಕೊಳ್ಳಲು ಆಗುವುದಿಲ್ಲ. ಈ ಮಾತನ್ನು ಗುಂಪಿನಲ್ಲಿ ಹಲವರಿಗೆ ಹಲವು ಸಲ ಹೇಳಲಾಗಿದೆ, ಆದರೂ ದೊಡ್ಡ ಟ್ಯಾಂಕಿನ ಚಿತ್ರ ಕಂಡೊಡನೆ ಎಲ್ಲರೂ ಮರೆಯುತ್ತಾರೆ.

ನಮಗೆ ಫಲ ಕೊಟ್ಟದ್ದು ತಡೆ ಕಟ್ಟುವ ವಿಧಾನ. ಬೀದರ ಕೋಟೆಯಲ್ಲಿ ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕವನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ: ಕಂದಕ ಯಾರನ್ನೂ ಕೊಲ್ಲುವುದಿಲ್ಲ, ಬಂದವರನ್ನು ತಡೆದು ನಿಲ್ಲಿಸುತ್ತದೆ, ಹೊಡೆಯುವ ಕೆಲಸ ಮೇಲಿನ ತೋಪಿನದ್ದು. ಮ್ಯಾಪಿನಲ್ಲಿ ಸೇತುವೆಯನ್ನೋ ಎರಡು ಬೆಟ್ಟಗಳ ನಡುವಿನ ಒಂದು ಚೌಕದ ದಾರಿಯನ್ನೋ ಹುಡುಕಿ. ಟ್ಯಾಂಕುಗಳು ಬೆಟ್ಟ ಹತ್ತುವುದಿಲ್ಲ, ನದಿ ದಾಟುವುದಿಲ್ಲ, ನಿಮ್ಮ ಯೂನಿಟ್ ನಿಂತ ಚೌಕವನ್ನು ತೂರಿಕೊಂಡು ಹೋಗುವುದೂ ಇಲ್ಲ. ಆ ದಾರಿಯ ಬಾಯಲ್ಲಿ ಕಾಡೋ ಊರೋ ಇದ್ದರೆ ಅಲ್ಲಿ ಪೂರ್ಣ ಎಚ್‌ಪಿಯ ಒಂದು ಇನ್‌ಫೆಂಟ್ರಿ ನಿಲ್ಲಿಸಿ. ಮೀಡಿಯಮ್ ಟ್ಯಾಂಕ್ ಇನ್‌ಫೆಂಟ್ರಿಗೆ ಮೂಲದಲ್ಲಿ 105 ಶೇಕಡಾ ಹೊಡೆಯುತ್ತದೆ, ಬಯಲಿನಲ್ಲಿದ್ದರೆ ಒಂದೇ ಏಟಿಗೆ ಸಾಯಲೂಬಹುದು. ಆದರೆ ಕಾಡಿನ ಎರಡು ನಕ್ಷತ್ರದ ರಕ್ಷಣೆ ಇದ್ದರೆ ಅದೃಷ್ಟದ ಅಂಕ ಪೂರ್ತಿ ಎದುರಾಳಿಯ ಕಡೆಗೇ ಬಿದ್ದರೂ ಆ ಇನ್‌ಫೆಂಟ್ರಿ ಒಂದು ಎಚ್‌ಪಿಯಲ್ಲಿ ಉಳಿಯುತ್ತದೆ. ಊರಿನಲ್ಲಿ ಮೂರು ನಕ್ಷತ್ರ, ಬೆಟ್ಟದಲ್ಲಿ ನಾಲ್ಕು. ಒಂದು ಎಚ್‌ಪಿ ಉಳಿದರೂ ದಾರಿ ಮುಚ್ಚಿಯೇ ಇರುತ್ತದೆ, ನಮಗೆ ಬೇಕಾದದ್ದು ಅಷ್ಟೇ.

ಇನ್‌ಫೆಂಟ್ರಿಯ ಬೆನ್ನ ಹಿಂದಿನ ಚೌಕದಲ್ಲಿ ಒಂದು ಆರ್ಟಿಲರಿ, ಅದರ ಹಿಂದೆ ಇನ್ನೊಂದು. ಆರ್ಟಿಲರಿಯ ವ್ಯಾಪ್ತಿ 2ರಿಂದ 3, ಆದ್ದರಿಂದ ತಡೆಗೆ ತಾಗಿ ನಿಂತ ಶತ್ರು ಎರಡಕ್ಕೂ ಸಿಗುತ್ತಾನೆ. ಪಕ್ಕದ ಚೌಕಕ್ಕೆ ಬಂದವನನ್ನು ಆರ್ಟಿಲರಿ ಹೊಡೆಯಲಾರದು, ಹಾಗಾಗಿ ಅದರ ಎಡಬಲಗಳು ತೆರೆದಿರಬಾರದು. ಸರದಿ ಬಂದಾಗ ಮೊದಲು ಬೆಟ್ಟದ ಇನ್‌ಫೆಂಟ್ರಿಯನ್ನೋ ರೀಕಾನನ್ನೋ ನಡೆಸಿ ಮಂಜು ತೆರೆಯಿರಿ, ಬಳಿಕ ಆರ್ಟಿಲರಿಗಳಿಂದ ಹೊಡೆಯಿರಿ, ಎದುರಾಳಿ ಸೊರಗಿದ ಮೇಲೆಯೇ ಟ್ಯಾಂಕ್ ಮತ್ತು ಮೆಕ್‌ಗಳನ್ನು ಮುಂದೆ ಬಿಡಿ, ಕಟ್ಟಕಡೆಗೆ ಬೇಸ್‌ನಲ್ಲಿ ಹೊಸದನ್ನು ತೆಗೆಯಿರಿ. ಮರುಹೊಡೆತದ ಬಲ ಎದುರಾಳಿಯ ಉಳಿದ ಎಚ್‌ಪಿಯನ್ನು ಅವಲಂಬಿಸುವುದರಿಂದ ಈ ಕ್ರಮ ತಪ್ಪಿದರೆ ಅದೇ ಯೂನಿಟ್‌ಗಳಿಂದ ಅರ್ಧ ಫಲವೂ ಸಿಗುವುದಿಲ್ಲ. ಸೊರಗಿದ ಇನ್‌ಫೆಂಟ್ರಿಯನ್ನು ಹಿಂದಕ್ಕೆ ಕರೆದು ಊರಿನಲ್ಲಿ ನಿಲ್ಲಿಸಿದರೆ ದಿನಕ್ಕೆ ಎರಡು ಎಚ್‌ಪಿ ತುಂಬುತ್ತದೆ, ಇನ್‌ಫೆಂಟ್ರಿಗೆ ಅದರ ಖರ್ಚು 200 ಮಾತ್ರ. ಟ್ಯಾಂಕಿಗೆ ಅದೇ ಎರಡು ಎಚ್‌ಪಿಗೆ 1400 ಹೋಗುತ್ತದೆ ಎಂಬುದು ನೆನಪಿರಲಿ. ಎರಡು ಸೊರಗಿದ ಇನ್‌ಫೆಂಟ್ರಿಗಳನ್ನು ಒಂದಾಗಿ ಸೇರಿಸುವುದೂ ಒಳ್ಳೆಯದೇ, ಆದರೆ ಊರು ಹಿಡಿಯುತ್ತಿರುವ ಇನ್‌ಫೆಂಟ್ರಿಯನ್ನು ಮಾತ್ರ ಅಲುಗಿಸಬೇಡಿ, ಅದು ಚೌಕ ಬಿಟ್ಟರೆ ಊರು ಹಿಡಿಯಲು ಬೇಕಾದ ಅಂಕ ಮತ್ತೆ ಪೂರ್ತಿ 20ಕ್ಕೆ ಮರಳುತ್ತದೆ.

ಈ ವಿಧಾನಕ್ಕೆ ಕೆಲವು ಷರತ್ತುಗಳಿವೆ, ಮೊದಲನೆಯದು ನಿಮಗೇ ಸಂಬಂಧಿಸಿದ್ದು. ಮ್ಯಾಕ್ಸ್‌ನ ಇಂಡೈರೆಕ್ಟ್ ಯೂನಿಟ್‌ಗಳ ವ್ಯಾಪ್ತಿ ಒಂದು ಚೌಕ ಕಡಿಮೆ, ಅವನ ಆರ್ಟಿಲರಿ 2ನೆಯ ಚೌಕಕ್ಕೆ ಮಾತ್ರ ಹೊಡೆಯುತ್ತದೆ, ಹೊಡೆತವೂ ಮೆದು. ಮ್ಯಾಕ್ಸ್‌ನನ್ನೇ ಆಡಬೇಕೆಂಬ ಹಟವಿದ್ದರೆ 7000ದ ಸಾಮಾನ್ಯ ಟ್ಯಾಂಕುಗಳನ್ನು ಹೆಚ್ಚು ತೆಗೆಯಿರಿ, ಅವನ ಕೈಯಲ್ಲಿ ಅವುಗಳ ಹೊಡೆತ ಬಲು ಜೋರು, ದೃಷ್ಟಿಯೂ 3 ಇದೆ, ಮುಂದೆ ರೀಕಾನ್ ಒಂದನ್ನು ಇಟ್ಟುಕೊಳ್ಳಿ. ತಡೆಯ ಆಟ ಕಲಿಯಲು ನನ್ನ ಮಟ್ಟಿಗೆ ಗ್ರಿಟ್ ಎಂಬ ನಾಯಕನಿಗಿಂತ ಒಳ್ಳೆಯ ಗುರು ಇಲ್ಲ, ಅವನ ಆರ್ಟಿಲರಿ 4ನೆಯ ಚೌಕದವರೆಗೆ ಮುಟ್ಟುತ್ತದೆ. ಕಾಲಿನ್ ಎಂಬ ನಾಯಕನಿಗೆ ಎಲ್ಲವೂ ಐದನೇ ಒಂದು ಭಾಗ ಅಗ್ಗ, ಇನ್‌ಫೆಂಟ್ರಿ 800ಕ್ಕೇ ಸಿಗುತ್ತದೆ, ಆದರೆ ಹೊಡೆತ ಕಡಿಮೆ ಇರುವುದರಿಂದ ಅವನು ಹೊಸಬರಿಗೆ ತಕ್ಕವನಲ್ಲ. ಎರಡನೆಯದಾಗಿ, ಮ್ಯಾಪಿನಲ್ಲಿ ಏರ್‌ಪೋರ್ಟ್ ಇದ್ದರೆ ತಡೆಯೊಂದೇ ಸಾಲದು. ದಾಳಿಯ ಹೆಲಿಕಾಪ್ಟರ್ ಆದ ಬಿ-ಕಾಪ್ಟರ್ ಬೆಟ್ಟವನ್ನೂ ನದಿಯನ್ನೂ ದಾಟಿ ಬಂದು ಆರ್ಟಿಲರಿಗೆ 65 ಶೇಕಡಾ ಹೊಡೆಯುತ್ತದೆ, ಆದ್ದರಿಂದ ಹಾರುವುದನ್ನು ಹೊಡೆಯುವ 8000ದ ಒಂದು ಆಂಟಿ-ಏರ್ ಗಾಡಿಯನ್ನು ಆರ್ಟಿಲರಿಗಳ ನಡುವೆ ಇಡಲೇಬೇಕು. ಅದು ಇನ್‌ಫೆಂಟ್ರಿಗಳನ್ನೂ ಚೆನ್ನಾಗಿ ಸವರುವುದರಿಂದ ಹಣ ವ್ಯರ್ಥವಾಗುವುದಿಲ್ಲ. ದೂರಕ್ಕೆ ಹೊಡೆಯುವ ರಾಕೆಟ್ ಗಾಡಿ ಬೇಕೆಂದು ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು ಬರೆದಿದ್ದಾರೆ. 15000 ಕೊಟ್ಟು ಟೈರಿನ ಗಾಡಿಯನ್ನು ಬಯಲಿನಲ್ಲಿ ತೆವಳಿಸುವುದು ಸಣ್ಣ ಮ್ಯಾಪಿಗೆ ಸಲ್ಲದ ಮಾತು.

ಎಚ್‌ಕ್ಯೂ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಫಾಗ್ ಇದ್ದು ಎದುರಾಳಿಗೆ ಏರ್‌ಪೋರ್ಟ್ ಇದ್ದರೆ ನಿಮ್ಮ ಎಚ್‌ಕ್ಯೂ ಮೇಲೆ ಒಂದು ಇನ್‌ಫೆಂಟ್ರಿ ಕೂತಿರಬೇಕು. ಟಿ-ಕಾಪ್ಟರ್ 5000, ಅದರೊಳಗಿನ ಇನ್‌ಫೆಂಟ್ರಿ 1000, ಅಷ್ಟರಲ್ಲೇ ನಿಮ್ಮ ಮೂರು ಮೀಡಿಯಮ್ ಟ್ಯಾಂಕಿನ ಆಟ ಮುಗಿಯಿತು. ಆದರೆ ಎಚ್‌ಕ್ಯೂ ಬದಲು ಬೇಸ್ ಮೇಲೆ ಯೂನಿಟ್ ನಿಲ್ಲಿಸುವ ಅಭ್ಯಾಸ ಬೇಡ, ಅಲ್ಲಿ ಯಾರು ನಿಂತರೂ ಆ ದಿನ ಹೊಸದು ತಯಾರಾಗುವುದಿಲ್ಲ. ಇದೇ ಕಾರಣಕ್ಕೆ ಎದುರಾಳಿಯ ಬೇಸ್ ಮೇಲೆ ನಿಮ್ಮ ಒಂದು ಇನ್‌ಫೆಂಟ್ರಿ ಹೋಗಿ ಕೂತರೆ ಹಿಡಿಯುವ ಮೊದಲೇ ಅವನಿಗೆ ಕೈ ಕಟ್ಟಿದಂತಾಗುತ್ತದೆ.

ಯಾವ ಸಾಧನದಲ್ಲಿ ಆಡುವುದು ಎಂದೂ ಕೇಳಿದ್ದೀರಿ. ಹಳೆಯ ಗೇಮ್ ಬಾಯ್ ಅಡ್ವಾನ್ಸ್‌ನ ಪರದೆಗೆ ಸ್ವಂತ ಬೆಳಕಿಲ್ಲ, ನಮ್ಮ ಕಡೆಯ ಬಿಸಿಲಿನಲ್ಲಿ ನೆರಳಿಗೆ ಕೂತರೆ ಅದು ಚೆನ್ನಾಗಿ ಕಾಣುತ್ತದೆ, ಸಂಜೆ ಕರೆಂಟ್ ಹೋದರೆ ಫಾಗಿನ ಚೌಕಕ್ಕೂ ಕಾಡಿನ ಚೌಕಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಕೊಳ್ಳುವುದಾದರೆ ಮಡಚುವ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ ಕೊಳ್ಳಿ, ಅದರಲ್ಲೂ 2005ರಿಂದ ಬಂದ, ಹಿಂದಿನಿಂದ ಬೆಳಗುವ ಪರದೆಯ ಎಜಿಎಸ್-101 ಮಾದರಿ ಸಿಕ್ಕರೆ ಬಿಡಬೇಡಿ. ಹಳೆಯ ಮಾದರಿಯೇ ಇದ್ದರೆ ಅಗ್ಗದ ಎಎ ಸೆಲ್ ಹಾಕುವುದನ್ನು ನಿಲ್ಲಿಸಿ ಎನೆಲೂಪ್‌ನಂಥ ಒಳ್ಳೆಯ ರೀಚಾರ್ಜ್ ಸೆಲ್ ಇಟ್ಟುಕೊಳ್ಳಿ. ನಿಂಟೆಂಡೊ ಡಿಎಸ್ ಮತ್ತು ಡಿಎಸ್ ಲೈಟ್‌ನಲ್ಲಿ ಈ ಕಾರ್ಟ್ರಿಜ್ ಓಡುತ್ತದೆ, ಆದರೆ ಸಾಧನಗಳನ್ನು ಜೋಡಿಸುವ ಲಿಂಕ್ ಕೇಬಲ್ ಹಾಕಲು ಬರುವುದಿಲ್ಲ. ಒಂದೇ ಸಾಧನದಲ್ಲಿ ನಾಲ್ವರವರೆಗೆ ಸರದಿಯ ಮೇಲೆ ಆಡಬಹುದಾದ್ದರಿಂದ ಅದೊಂದು ದೊಡ್ಡ ಕೊರತೆಯೇನೂ ಅಲ್ಲ. ನಕಲಿ ಕಾರ್ಟ್ರಿಜ್ ಮಾತ್ರ ಬೇಡವೇ ಬೇಡ, ಎಷ್ಟೋ ನಕಲಿಗಳಲ್ಲಿ ಸೇವ್ ನಿಲ್ಲುವುದಿಲ್ಲ. ನಿಂಟೆಂಡೊ ಸ್ವಿಚ್ ಇರುವವರಿಗೆ ಮೊದಲ ಎರಡೂ ಆಟಗಳನ್ನು ಸೇರಿಸಿ 2023ರ ಏಪ್ರಿಲ್‌ನಲ್ಲಿ ಬಂದ ರೀ-ಬೂಟ್ ಕ್ಯಾಂಪ್ ಸುಲಭದ ದಾರಿ. ಅದರಲ್ಲಿ ಸರದಿಯನ್ನು ಮೊದಲಿನಿಂದ ಆಡುವ ಸೌಲಭ್ಯವಿದೆ, ಆದರೆ ಫಾಗ್ ಮ್ಯಾಪಿನಲ್ಲಿ ಅದನ್ನು ಬಳಸಬೇಡಿ. ಕಾಡಿನಲ್ಲಿ ಏನಿದೆ ಎಂದು ನೋಡಿಕೊಂಡು ಮರಳಿ ಆಡಿದರೆ ರೀಕಾನ್ ನಡೆಸುವ ಅಭ್ಯಾಸ ಎಂದಿಗೂ ಕೈಗೆ ಹತ್ತುವುದಿಲ್ಲ.

ಅದೇ ಮ್ಯಾಪನ್ನು ಗ್ರಿಟ್ ಜೊತೆ ಮತ್ತೆ ಆಡಿ. ಮೊದಲ ದಿನಗಳಲ್ಲಿ ಎಲ್ಲ ಬೇಸ್‌ಗಳಿಂದಲೂ ಇನ್‌ಫೆಂಟ್ರಿಯನ್ನೇ ತೆಗೆಯಿರಿ, ಹತ್ತಿರದ ಊರುಗಳು ಕೈಗೆ ಬಂದ ಮೇಲೆ ಆರ್ಟಿಲರಿಗೆ ಹೋಗಿ, ಮತ್ತು ಐದನೆಯ ದಿನದ ಕೊನೆಗೆ ಪರದೆಯ ಫೋಟೊ ತೆಗೆದು ಇಲ್ಲಿ ಹಾಕಿ. ಕೈಯಲ್ಲಿರುವ ಹಣವೂ ಸೇತುವೆಯ ಎರಡೂ ದಡಗಳೂ ಫೋಟೊದಲ್ಲಿ ಕಾಣುವಂತಿರಲಿ. ತಡೆಯನ್ನು ಯಾವ ಚೌಕದಲ್ಲಿ ಕಟ್ಟಬೇಕೆಂದು ಅದನ್ನು ನೋಡಿಯೇ ಹೇಳುತ್ತೇನೆ.