ಒಂದನೇ ಪಾಠಕ್ಕೆ ಒಂಬತ್ತು ರೆಕಾರ್ಡಿಂಗ್

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಆಪ್ತಸಲಹೆಗೆಂದು ನನ್ನೆದುರು ಕೂತ ಕೂಡಲೇ ಅವರು ಹೇಳಿದ ಮೊದಲ ಮಾತು, "ನನಗೆ ಶಿಸ್ತೇ ಇಲ್ಲ ಮೇಡಂ." ನಲವತ್ತು ದಾಟಿದ ಶಿಕ್ಷಕಿ. ಸಂಖ್ಯಾಶಾಸ್ತ್ರ ಕಲಿಸುತ್ತಾರೆ. ತರಗತಿಗೆ ಒಂದು ದಿನವೂ ತಡವಾಗಿ ಹೋದವರಲ್ಲ. ಇಂಥವರು ತಮಗೆ ಶಿಸ್ತಿಲ್ಲ ಅಂದರೆ ನಾನು ಸುಲಭಕ್ಕೆ ನಂಬುವುದಿಲ್ಲ.

ವಿಷಯ ಇಷ್ಟು. ಹೊಸದಾಗಿ ಕಲಿಯುವವರಿಗೆಂದು 24 ಪಾಠಗಳ ಆನ್‌ಲೈನ್ ಕೋರ್ಸ್ ಮಾಡಲು ಹೊರಟಿದ್ದರು. ಏಳು ತಿಂಗಳಾಗಿತ್ತು. ಮುಗಿದದ್ದು ಐದು. ಎರಡು ದಿನ ಮಧ್ಯರಾತ್ರಿವರೆಗೆ ಕೂತು ಕೆಲಸ ಮಾಡುವುದು, ಆಮೇಲೆ ಮೂರು ವಾರ ಆ ಕಡೆ ತಲೆಯೇ ಹಾಕದಿರುವುದು. ಮೊದಲೇ ಸೇರಿಕೊಂಡಿದ್ದ ಕೆಲವರು "ಮುಂದಿನ ಪಾಠ ಯಾವಾಗ?" ಎಂದು ಕೇಳುತ್ತಿದ್ದರು. ಆ ಮೆಸೇಜುಗಳನ್ನು ತೆರೆಯುವುದನ್ನೇ ಇವರು ಬಿಟ್ಟಿದ್ದರು.

ಮುಂದಿನ ಸಲ ಲ್ಯಾಪ್‌ಟಾಪ್ ತನ್ನಿ ಎಂದೆ. ಆಪ್ತಸಲಹೆಯಲ್ಲಿ ಇದನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಆದರೆ ಎರಡು ಗಂಟೆ ಮಾತಾಡಿದರೂ ಸಿಗದ್ದು ಕೆಲವೊಮ್ಮೆ ಫೋಲ್ಡರ್ ನೋಡಿದರೆ ಹತ್ತು ನಿಮಿಷಕ್ಕೆ ಸಿಗುತ್ತದೆ. ಅಲ್ಲಿ ಒಂದನೇ ಪಾಠದ ಒಂಬತ್ತು ರೆಕಾರ್ಡಿಂಗ್ ಇದ್ದವು. 'ಪಾಠ 1 ಫೈನಲ್', 'ಪಾಠ 1 ಹೊಸ ಫೈನಲ್', 'ಪಾಠ 1 ಇದೇ ಫೈನಲ್'. ಇಬ್ಬರೂ ನಕ್ಕೆವು.

"ಒಂಬತ್ತು ಯಾಕೆ?"

"ಮೂರನೇ ಪಾಠದ ಹೊತ್ತಿಗೆ ಒಳ್ಳೆಯ ಮೈಕ್ ತಗೊಂಡೆ. ಹಳೆಯದರಲ್ಲಿ ಫ್ಯಾನ್ ಸದ್ದು ಕೇಳಿಸ್ತಿತ್ತು. ಎಲ್ಲ ಒಂದೇ ಥರ ಇರಬೇಕಲ್ವಾ ಮೇಡಂ? ಅದಕ್ಕೆ ಮತ್ತೆ ಮಾಡಿದೆ. ಆಮೇಲೆ ಸ್ಲೈಡ್ ಬಣ್ಣ ಬದಲಾಯಿಸಿದೆ. ಮತ್ತೆ ಮೊದಲಿಂದ..."

ಗಂಟು ಇಲ್ಲಿತ್ತು. ಪಾಠಗಳು ಒಂದೇ ಥರ ಇರಬೇಕು ಅನ್ನುವುದು ಒಂದು ಮಾತು. ಪಾಠ ಮಾಡುವ ಕೆಲಸ ತಪ್ಪದೆ ನಡೆಯಬೇಕು ಅನ್ನುವುದು ಇನ್ನೊಂದು. ಮೊದಲನೆಯದರ ಬೆನ್ನು ಹತ್ತಿ ಅವರು ಎರಡನೆಯದನ್ನು ಕಳೆದುಕೊಂಡಿದ್ದರು. ಕೈ ಪಳಗಿದಂತೆ ಹಳೆಯ ಕೆಲಸ ಸಪ್ಪೆ ಕಾಣುವುದು ಸಹಜ. ಪ್ರತಿ ಸಲವೂ ಹಿಂದಕ್ಕೆ ಹೋಗಿ ತಿದ್ದುತ್ತಾ ಕೂತರೆ, ಬೇಗ ಬೇಗ ಕಲಿಯುವವರೇ ಜಾಸ್ತಿ ಹಿಂದೆ ಬೀಳುತ್ತಾರೆ!

ಇಷ್ಟೇ ಆಗಿದ್ದರೆ ಒಂದು ವೇಳಾಪಟ್ಟಿ ಬರೆದುಕೊಟ್ಟು ಕಳಿಸಬಹುದಿತ್ತು. ಮೂರನೇ ಭೇಟಿಯಲ್ಲಿ ಬೇರೆ ಸಂಗತಿ ಹೊರಬಂತು. ಕಲಿಯುವವರೊಬ್ಬರು ಬರೆದಿದ್ದರಂತೆ: "ವೇರಿಯನ್ಸ್ ಲೆಕ್ಕದಲ್ಲಿ ಎರಡನೇ ಪಾಠದಲ್ಲಿ ಎನ್‌ನಿಂದ ಭಾಗಿಸಿದಿರಿ, ನಾಲ್ಕನೆಯದರಲ್ಲಿ ಎನ್ ಮೈನಸ್ ಒಂದರಿಂದ. ಯಾವುದು ಸರಿ?" ವೇರಿಯನ್ಸ್ ಅಂದರೆ ಅಂಕಿಗಳು ಎಷ್ಟು ಹರಡಿಕೊಂಡಿವೆ ಎಂಬ ಅಳತೆ, ಎನ್ ಅಂದರೆ ಒಟ್ಟು ಅಂಕಿಗಳ ಸಂಖ್ಯೆ. ಎರಡೂ ಸರಿಯೇ. ಇಡೀ ಗುಂಪಿನ ಅಂಕಿಗಳು ಕೈಯಲ್ಲಿದ್ದರೆ ಎನ್. ಸ್ಯಾಂಪಲ್, ಅಂದರೆ ಅದರಿಂದ ಆರಿಸಿದ ಕೆಲವನ್ನು ಮಾತ್ರ ಇಟ್ಟುಕೊಂಡು ಇಡೀ ಗುಂಪಿನ ಬಗ್ಗೆ ಅಂದಾಜು ಮಾಡುವುದಾದರೆ ಎನ್ ಮೈನಸ್ ಒಂದು. ಆದರೆ ಯಾವಾಗ ಯಾವುದು ಎಂದು ಇವರು ಪಾಠದಲ್ಲಿ ಹೇಳಿರಲಿಲ್ಲ. ಅದನ್ನು ಓದಿ ನಾಚಿಕೆಯಿಂದ ಮುಖ ಬಿಸಿಯಾಯಿತಂತೆ. ಉತ್ತರ ಬರೆಯಲಿಲ್ಲ. ಆ ರಾತ್ರಿಯೇ ಕೂತು ಸ್ಲೈಡುಗಳಿಗೆ ಹೊಸ ಬಣ್ಣ ಆರಿಸಿದರು.

ಫ್ಯೂಷಾ ಸಿರೋಯಿಸ್ ಮತ್ತು ಟಿಮತಿ ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು 2013ರಲ್ಲಿ ಬರೆದ ಲೇಖನದ ತಿರುಳು ಇದೇ. ನಾವು ಮುಂದೂಡುವುದು ಹೆಚ್ಚಾಗಿ ಕೆಲಸವನ್ನಲ್ಲ, ಆ ಕೆಲಸ ತರುವ ಬೇಸರವನ್ನು, ಭಯವನ್ನು. ಈ ಶಿಕ್ಷಕಿ ಸುಮ್ನೆ ಕೂತು ಮುಂದೂಡಲಿಲ್ಲ, ದುಡಿದೇ ಮುಂದೂಡಿದರು. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ, ಅವರಿಗೂ ಕೂಡ. ಮೊದಲು ಆ ಪ್ರಶ್ನೆಗೆ ನಾಲ್ಕು ಸಾಲಿನ ಉತ್ತರ ಬರೆಯಿರಿ, ಇಲ್ಲೇ, ಈಗಲೇ ಎಂದೆ. ಬರೆದರು. ಆರು ನಿಮಿಷ ಹಿಡಿಯಿತು.

ಆಮೇಲೆ ಕೇಳಿದೆ, "ಆ ಕಲಿಯುವವರಿಗೆ ಗೊಂದಲ ಆಗಿದ್ದು ಬಣ್ಣದಿಂದಲಾ?" ಅಲ್ಲ ಎಂದು ತಲೆಯಾಡಿಸಿದರು. ಅದೇ ಮಾತು ಹಿಡಿದು ಒಂದು ಹಾಳೆ ಮಾಡಿಕೊಂಡೆವು. ಯಾವ ಪದ, ಯಾವ ಚಿಹ್ನೆ ಎಂದು ಅದರಲ್ಲಿ ಬರೆದಿಟ್ಟರು. ಒಂದು ಕಡೆ 'ಮಾದರಿ', ಇನ್ನೊಂದು ಕಡೆ 'ಸ್ಯಾಂಪಲ್' ಅಂದರೆ ಹೊಸಬರು ಎರಡು ಬೇರೆ ವಸ್ತು ಅಂದುಕೊಳ್ಳುತ್ತಾರೆ. ಮೈಕ್ ಬಾಯಿಂದ ಎಷ್ಟು ದೂರ ಅನ್ನುವುದೂ ಹಾಳೆಗೆ ಬಂತು, ಯಾಕೆಂದರೆ ಒಂದು ಪಾಠ ಮೆಲ್ಲಗೆ, ಇನ್ನೊಂದು ಜೋರು ಆದರೆ ಕೇಳುವವರ ಕೈ ವಾಲ್ಯೂಮ್ ಮೇಲೇ ಇರಬೇಕಾಗುತ್ತದೆ. ಬಣ್ಣಕ್ಕೆ ಒಂದು ಸಾಲು ಸಾಕಾಯಿತು. ತಪ್ಪು ಹೇಳಿದ್ದರೆ ಮಾತ್ರ ಹಳೆಯ ಪಾಠ ಮುಟ್ಟುವುದು, ಅದೂ ಆ ತುಂಡು ಮಾತ್ರ. ಉಳಿದ ಆಸೆಗಳೆಲ್ಲ 'ಮುಂದಿನ ಆವೃತ್ತಿ' ಎಂಬ ನೋಟ್‌ಬುಕ್ಕಿಗೆ, 24 ಮುಗಿದ ಮೇಲೆ.

ಪಾಠಗಳ ಉದ್ದವೂ ಒಂದು ತೊಡಕಾಗಿತ್ತು. ಒಂದೊಂದು ಅರ್ಧ ಗಂಟೆ. 28ನೇ ನಿಮಿಷದಲ್ಲಿ ತೊದಲಿದರೆ ಮೊದಲಿಂದ ಶುರು. ಫಿಲಿಪ್ ಗುವೊ ಎಂಬ ಸಂಶೋಧಕ ಮತ್ತು ಸಂಗಡಿಗರು 2014ರಲ್ಲಿ ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕೆಯ ತಾಣದ ಕೋರ್ಸುಗಳ 69 ಲಕ್ಷ ವಿಡಿಯೊ ವೀಕ್ಷಣೆಗಳನ್ನು ನೋಡಿದ್ದರು. ವಿಡಿಯೊ ಎಷ್ಟೇ ಉದ್ದವಿದ್ದರೂ ಜನ ನೋಡಿದ್ದು ಹೆಚ್ಚೆಂದರೆ ಆರು ನಿಮಿಷ ಎಂದೆ. "ಸರಾಸರಿಯಾ, ಮೀಡಿಯನ್ನಾ?" ಎಂದು ತಕ್ಷಣ ಕೇಳಿದರು. ಮೀಡಿಯನ್ ಎಂದೆ, ಅಂದರೆ ಅಂಕಿಗಳನ್ನು ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವುದು. ಆಗ ಒಪ್ಪಿದರು! ಪ್ರತಿ ಪಾಠವನ್ನೂ ನಾಲ್ಕೈದು ತುಂಡು ಮಾಡಿದರು. ಈಗ ತೊದಲಿದರೆ ಹೋಗುವುದು ಆರು ನಿಮಿಷ.

ಇಲ್ಲಿ ನನ್ನದೂ ಒಂದು ತಪ್ಪಿದೆ. ಹುಮ್ಮಸ್ಸಿನಲ್ಲಿ ದಿನಕ್ಕೊಂದು ಗಂಟೆ ಎಂದು ಹೇಳಿಬಿಟ್ಟಿದ್ದೆ. ಮೂರನೇ ವಾರಕ್ಕೆ ಉತ್ತರಪತ್ರಿಕೆಗಳ ಮೌಲ್ಯಮಾಪನ ಬಂತು, ಎಲ್ಲ ನಿಂತಿತು. ಅವರು ಮತ್ತೆ ಮೊದಲ ದಿನದ ಮುಖ ಹೊತ್ತು ಬಂದರು. ಅವರ ಕೆಲಸದ ವಾರ ಹೇಗಿರುತ್ತದೆ ಎಂದು ನಾನು ಮೊದಲೇ ಕೇಳಬೇಕಿತ್ತು. ವಾರಕ್ಕೆ ಮೂರು ದಿನ, ಬೆಳಿಗ್ಗೆ ಇಪ್ಪತ್ತು ನಿಮಿಷ, ಬರೀ ಬರವಣಿಗೆ ಎಂದು ಬದಲಿಸಿದೆವು. ರೆಕಾರ್ಡಿಂಗ್ ತಿಂಗಳಿಗೆ ಎರಡು ಸಲ ಮಾತ್ರ, ಬರೆದಿಟ್ಟದ್ದನ್ನೆಲ್ಲ ಒಟ್ಟಿಗೆ. ಒಂದೇ ಕೋಣೆ, ಒಂದೇ ಬೆಳಕು, ಒಂದೇ ದನಿ ತಾನಾಗಿ ಸಿಗುತ್ತದೆ.

"ಒಂದು ದಿನ ತಪ್ಪಿದರೆ?" ಈ ಪ್ರಶ್ನೆ ಪ್ರತಿ ಭೇಟಿಯಲ್ಲೂ ಬರುತ್ತಿತ್ತು. ಅಂಕಿಗಳ ಮೇಲೆ ನಂಬಿಕೆ ಇರುವವರಿಗೆ ಅಂಕಿಯಲ್ಲೇ ಉತ್ತರ ಕೊಡಬೇಕು. ಫಿಲಿಪ್ಪಾ ಲ್ಯಾಲಿ ಎಂಬ ಸಂಶೋಧಕಿಯ ತಂಡ ಲಂಡನ್ನಿನಲ್ಲಿ 96 ಜನರೊಂದಿಗೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳಿದೆ. ಹೊಸ ಅಭ್ಯಾಸ ಕೂರಲು 18ರಿಂದ 254 ದಿನ, ಮೀಡಿಯನ್ 66. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೆಡಲಿಲ್ಲ. "18ರಿಂದ 254! ಎಷ್ಟು ಹರಡಿಕೊಂಡಿದೆ ಮೇಡಂ," ಎಂದು ಅವರ ಮುಖ ಅರಳಿತು. ತಾವೂ ಆ ಅಂತರದಲ್ಲೇ ಎಲ್ಲೋ ಇದ್ದೇವೆ ಅನ್ನಿಸಿರಬೇಕು.

ಕಳೆದ ಭೇಟಿಯ ಹೊತ್ತಿಗೆ 17 ಪಾಠ ಮುಗಿದಿದ್ದವು. ನಡುವೆ ಎರಡು ವಾರ ತಪ್ಪಿತ್ತು. 'ಮುಂದಿನ ಆವೃತ್ತಿ' ನೋಟ್‌ಬುಕ್ಕಿನಲ್ಲಿ 40 ಸಾಲು ದಾಟಿದೆ. ಅದರಲ್ಲಿ ಮೊದಲ ಸಾಲು, ಒಂದನೇ ಪಾಠದ ಮೊದಲ ರೆಕಾರ್ಡಿಂಗಿನ ಫ್ಯಾನ್ ಸದ್ದು. ಕಲಿಯುವವರು ಯಾರೂ ಇದುವರೆಗೆ ಅದರ ಬಗ್ಗೆ ಕೇಳಿಲ್ಲವಂತೆ.